ಡೀಸೆಲ್ ಕಾರಿನ ಸರ್ವೀಸ್: ಯಾವುದು ನಮ್ಮ ಕೈಯದು, ಯಾವುದು ಶೋರೂಮಿನದು

ಕಳೆದ ವರ್ಷ ಆಯುಧಪೂಜೆಗೆ ಒಂದು ವಾರ ಇರುವಾಗ ಮೈಸೂರಿನ ಒಂದು ಸರ್ವೀಸ್ ಸೆಂಟರಿನಿಂದ ಕಾರು ಬಿಡಿಸಿಕೊಂಡು ಬಂದೆ. ಬಿಲ್ಲಿನ ಎರಡನೆಯ ಪುಟದಲ್ಲಿ ‘ಏರ್ ಫಿಲ್ಟರ್ ಪರೀಕ್ಷಿಸಿ ಶುಚಿಗೊಳಿಸಲಾಗಿದೆ’ ಎಂಬುದರ ಮುಂದೆ ಟಿಕ್ ಗುರುತು ಇತ್ತು. ಪಾಂಡವಪುರದ ಬಳಿಯ ನಮ್ಮ ಊರಿಗೆ ಹೋದಾಗ, ಪೂಜೆಗೆಂದು ಬಾನೆಟ್ ಎತ್ತಿ ಒರೆಸುತ್ತಿದ್ದವನು ಕುತೂಹಲಕ್ಕೆ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿದೆ. ಒಳಗೆ ಒಂದು ಹಿಡಿ ಕಡಲೆಕಾಯಿ ಸಿಪ್ಪೆ, ಬಾನೆಟ್ಟಿನ ಒಳಪದರದಿಂದ ಕಿತ್ತು ತಂದ ನಾರು, ಇಲಿಯ ಹಿಕ್ಕೆ. ಚಿಕ್ಕಪ್ಪ ಬಗ್ಗಿ ನೋಡಿ, “ಇಲಿ ಸಂಸಾರ ಹೂಡಿ ಎರಡು ತಿಂಗಳಾದರೂ ಆಗಿದೆ ಕಣಪ್ಪ. ಅವರು ಶುಚಿ ಮಾಡಿದ್ದು ಯಾರ ಕಾರಿನದೋ!” ಎಂದರು.

ಆ ದಿನದಿಂದ ಶೋರೂಮಿನ ಕಡೆ ತಲೆ ಹಾಕಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಹೋಗುತ್ತೇನೆ. ಆದರೆ ಯಾವ ಕೆಲಸಕ್ಕೆ ಹೋಗಬೇಕು, ಯಾವುದನ್ನು ಹೊಂಗೆ ಮರದ ನೆರಳಿನಲ್ಲಿ ನಾನೇ ಮಾಡಿಕೊಳ್ಳಬಹುದು ಎಂಬ ಗೆರೆಯನ್ನು ಎಳೆದುಕೊಂಡಿದ್ದೇನೆ. ಬಹಳ ಜನ ಈ ಗೆರೆಯನ್ನು ಹಣದ ಲೆಕ್ಕದಲ್ಲಿ ಎಳೆಯುತ್ತಾರೆ. ನನ್ನ ಲೆಕ್ಕ ಬೇರೆ. ಒಂದು ಕಣ ಧೂಳು ಬಿದ್ದರೆ ಕೆಡುವ ಕೆಲಸವನ್ನೂ, ಮುಗಿದ ಮೇಲೆ ಕಾರಿನ ಕಂಪ್ಯೂಟರಿಗೆ ತಿಳಿಸಲೇಬೇಕಾದ ಕೆಲಸವನ್ನೂ ಮುಟ್ಟುವುದಿಲ್ಲ. ಉಳಿದದ್ದು, ಅದರಲ್ಲೂ ಕಣ್ಣಿಟ್ಟು ನೋಡುವ ಕೆಲಸ, ನನ್ನದು. ಸರ್ವೀಸ್ ಸೆಂಟರಿನ ಹುಡುಗ ವರ್ಷಕ್ಕೊಮ್ಮೆ ಎರಡು ಗಂಟೆ ನಮ್ಮ ಕಾರನ್ನು ನೋಡುತ್ತಾನೆ, ಅದೂ ಹಿಂದೆ ಇನ್ನೂ ಹತ್ತು ಕಾರು ಕಾಯುತ್ತಿರುವಾಗ.

ಮೊದಲು ನಿಮ್ಮ ಕಾರು ಯಾವ ಕಾಲದ್ದು ನೋಡಿ

ಡೀಸೆಲ್ ಕಾರುಗಳೆಲ್ಲ ಒಂದೇ ಅಲ್ಲ. 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯ ತಡೆಯುವ ಬಿಎಸ್6 ನಿಯಮ ಬಂದಿತು; ಅದಕ್ಕಿಂತ ಹಿಂದಿನವು ಒಂದು ಜಾತಿ, ಆಮೇಲಿನವು ಇನ್ನೊಂದು. ಹಳೆಯ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾಗಳಲ್ಲಿದ್ದ ಫಿಯೆಟ್ ಮೂಲದ 1.3 ಲೀಟರ್ ಎಂಜಿನ್ ಮನೆಯಲ್ಲಿ ಕೆಲಸ ಕಲಿಯಲು ಹೇಳಿ ಮಾಡಿಸಿದಂಥದ್ದು. ಮೂರು ಲೀಟರಿನ ಆಸುಪಾಸು ಆಯಿಲ್, ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್, ಬಿಡಿಭಾಗಗಳು ಮಂಡ್ಯದ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಮಾರುತಿ ಕಂಪನಿ ಬಿಎಸ್6 ಬಂದಾಗ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಆದರೆ ಆ ಎಂಜಿನ್ನುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ.

ಬಿಎಸ್6 ಕಾರಿನಲ್ಲಿ ಹೊಗೆ ಕೊಳವೆಗೆ ಡಿಪಿಎಫ್ ಎಂಬ ಮಸಿ ಸೋಸುವ ಪೆಟ್ಟಿಗೆ ಸೇರಿದೆ. 2023ರ ಏಪ್ರಿಲ್‌ನಿಂದ ನಿಯಮ ಇನ್ನಷ್ಟು ಬಿಗಿಯಾದ ಮೇಲೆ ಹಲವು ಮಾದರಿಗಳಿಗೆ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕೂ ಬಂದಿದೆ. ಪಂಪಿನಲ್ಲಿ ಡಿಇಎಫ್ ಅಥವಾ ಆಡ್‌ಬ್ಲೂ ಎಂದು ಕೇಳಿದರೆ ಕೊಡುತ್ತಾರೆ. ಅದರಲ್ಲಿ ಶೇ 32.5ರಷ್ಟು ಯೂರಿಯಾ ಇರುತ್ತದೆ, ಉಳಿದದ್ದು ಶುದ್ಧೀಕರಿಸಿದ ನೀರು. ಅದನ್ನು ತುಂಬಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ನೀಲಿ ಮುಚ್ಚಳದ ಬಾಯಿಗೆ ಮಾತ್ರ ಹಾಕಬೇಕು, ಅಷ್ಟೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದುಬಿಟ್ಟರೆ ಕೀಲಿ ತಿರುಗಿಸಬೇಡಿ, ಎಳೆಯುವ ಗಾಡಿ ಕರೆಸಿ. ಗದ್ದೆಗೆ ಹಾಕುವ ಯೂರಿಯಾವನ್ನು ನೀರಿನಲ್ಲಿ ಕದಡಿ ಹಾಕಬಹುದಲ್ಲವೇ ಎಂದು ನಮ್ಮೂರಿನಲ್ಲಿ ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ಕೂಡದು. ಗೊಬ್ಬರದ ಯೂರಿಯಾದಲ್ಲಿರುವ ಕಲ್ಮಶವೂ ನಲ್ಲಿ ನೀರಿನ ಲವಣವೂ ಸೇರಿ ಆ ಸಾವಿರಾರು ರೂಪಾಯಿಯ ವ್ಯವಸ್ಥೆ ಕಟ್ಟಿಕೊಳ್ಳುವಂತೆ ಮಾಡುತ್ತವೆ.

ವಾರಂಟಿ ಇರುವವರೆಗೆ

ವಾರಂಟಿ ಮುಗಿಯುವವರೆಗೆ ಸ್ಪ್ಯಾನರ್ ಹಿಡಿಯಬೇಡಿ. ಏರ್ ಫಿಲ್ಟರ್ ತೆಗೆದು ನೋಡಿ, ಟೈರಿನ ಗಾಳಿ ನೋಡಿ, ಅಲ್ಲಿಗೆ ನಿಲ್ಲಿಸಿ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ಹಾಕಿತ್ತು ಎಂಬುದು ನಿಜ. ಪ್ರಕರಣ ಆಮೇಲೆ ಮೇಲ್ಮನವಿಗಳ ದಾರಿ ಹಿಡಿಯಿತು. ಆದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಟ್ಟು ಕೌಂಟರಿನ ಮುಂದೆ ನಿಂತಾಗ ಆಯೋಗದ ಆದೇಶಕ್ಕಿಂತ ಸಕಾಲದಲ್ಲಿ ಸರ್ವೀಸ್ ಆದ ಬಿಲ್ಲು ಬೇಗ ಕೆಲಸಕ್ಕೆ ಬರುತ್ತದೆ. ಹೆಚ್ಚುವರಿ ವಾರಂಟಿ ಕೊಂಡಿದ್ದರೆ ಅದರ ಪುಸ್ತಿಕೆಯ ಸಣ್ಣ ಅಕ್ಷರಗಳನ್ನು ಕೂತು ಓದಿ.

ಕೈ ಹಾಕಬಾರದ ಜಾಗಗಳು

ಇವತ್ತಿನ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಒಂದು ಸಾಮಾನ್ಯ ಕೊಳವೆಯಲ್ಲಿ 1,600ರಿಂದ 2,000 ಬಾರ್ ವರೆಗೂ ಏರುವ ಒತ್ತಡದಲ್ಲಿ ನಿಂತಿರುತ್ತದೆ. ನಿಮ್ಮ ಟೈರಿನಲ್ಲಿರುವುದು ಸುಮಾರು 2.2 ಬಾರ್. ಅಂದರೆ ಅದರ ಏಳುನೂರರಿಂದ ಒಂಬೈನೂರು ಪಟ್ಟು. ಹಳೆಯ ಟ್ರ್ಯಾಕ್ಟರಿನಲ್ಲಿ ನಾಜಲ್ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ, ಎಂಜಿನ್ ತಿರುಗಿಸಿ ಗಾಳಿ ಬಿಡಿಸುತ್ತಿದ್ದೆವಲ್ಲ, ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಕೂದಲಿನಷ್ಟು ಸಣ್ಣ ಸಂದಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿಕೊಂಡು ಒಳಗೆ ಹೋಗುತ್ತದೆ. ಮೇಲೆ ನೋಡಿದರೆ ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ, ಬೆರಳನ್ನೇ ಕಳೆದುಕೊಳ್ಳುವ ಸಂಭವ ಇದೆ. ಎಂಜಿನ್ ಓಡುವಾಗ ಸೋರಿಕೆ ಎಲ್ಲಿ ಎಂದು ಬೆರಳಿನಿಂದ ತಡಕಬೇಡಿ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸುವುದು ನಮ್ಮ ಕೆಲಸವಲ್ಲ ಎನ್ನಲು ಇನ್ನೊಂದು ಕಾರಣವಿದೆ. ಪ್ರತಿ ಇಂಜೆಕ್ಟರಿನ ನೆತ್ತಿಯ ಮೇಲೆ ಅದರದೇ ಆದ ಒಂದು ಸಂಕೇತ ಇರುತ್ತದೆ. ಹೊಸದನ್ನು ಹಾಕಿದಾಗ ಆ ಸಂಕೇತವನ್ನು ಸ್ಕ್ಯಾನರ್ ಮೂಲಕ ಎಂಜಿನ್ ಕಂಪ್ಯೂಟರಿಗೆ ಊಡಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳ ಬೆಲ್ಟ್, ಸ್ವಿಚ್ಚಿನಿಂದ ಹಾಕುವ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕ್ ಪ್ಯಾಡ್, ಏರ್‌ಬ್ಯಾಗ್, ಎಸಿ ಗ್ಯಾಸ್, ಸಾಫ್ಟ್‌ವೇರ್, ಕಂಪನಿಯೇ ವಾಪಸು ಕರೆದು ಸರಿಪಡಿಸುವ ದೋಷಗಳು, ಇವೆಲ್ಲ ಶೋರೂಮಿಗೆ ಅಥವಾ ಅದೇ ಕೆಲಸದಲ್ಲಿ ನುರಿತವರಿಗೆ ಬಿಟ್ಟದ್ದು.

ಸಲಕರಣೆ, ಮತ್ತು ಮೊದಲ ವರ್ಷದ ಲೆಕ್ಕ

ಎರಡು ಗಟ್ಟಿ ಜಾಕ್ ಸ್ಟ್ಯಾಂಡ್, ಒಂದು ಟ್ರಾಲಿ ಜಾಕ್, ಸಾಕೆಟ್ ಸೆಟ್, ಬೋಲ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್, ಆಯಿಲ್ ಫಿಲ್ಟರ್ ಬಿಚ್ಚುವ ಕಪ್, ಕೈಗವಸು, ತಲೆಗೆ ಕಟ್ಟಿಕೊಳ್ಳುವ ಟಾರ್ಚ್, ಹಳೆಯ ಬನಿಯನ್ ಬಟ್ಟೆ. ಆಯಿಲ್ ಹಿಡಿಯಲು ಗಾರೆ ಕೆಲಸದ ಬಾಂಡಲಿಗಿಂತ ಒಳ್ಳೆಯ ಪಾತ್ರೆ ನನಗೆ ಇನ್ನೂ ಸಿಕ್ಕಿಲ್ಲ. ಇಷ್ಟಕ್ಕೆ ನನಗೆ ಒಂಬತ್ತು ಸಾವಿರದ ಹತ್ತಿರ ಆಯಿತು. ಹೋದ ಸಲ ಆಯಿಲ್, ಫಿಲ್ಟರ್, ವಾಷರ್ ಸೇರಿ 4,300 ರೂಪಾಯಿ ಕೊಟ್ಟೆ. ಅದರ ಹಿಂದಿನ ವರ್ಷದ ಶೋರೂಮ್ ಬಿಲ್ಲು 11,800. ಮೊದಲ ವರ್ಷ ಉಳಿದದ್ದು ಏನೂ ಇಲ್ಲ ಎಂದಾಯಿತು. ಹಣ ಉಳಿಸಲೆಂದೇ ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ತಿಳಿದಿರಲಿ.

ಜಾಕ್ ಸ್ಟ್ಯಾಂಡಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಡಿಕ್ಕಿಯಲ್ಲಿರುವ ಸ್ಕ್ರೂ ಜಾಕ್ ಸ್ಟೆಪ್ನಿ ಬದಲಿಸುವುದಕ್ಕಷ್ಟೇ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸಿ ಕಾರು ನಿಲ್ಲಿಸುವುದೂ ಬೇಡ. ಒತ್ತಡ ಒಂದು ಬಿಂದುವಿನ ಮೇಲೆ ಬಿದ್ದರೆ ಬ್ಲಾಕು ಸದ್ದಿಲ್ಲದೆ ಪುಡಿಯಾಗುತ್ತದೆ. ಮೈಸೂರಿನಲ್ಲಿ ನಮ್ಮ ಮನೆಯ ಪೋರ್ಟಿಕೊ ರಸ್ತೆಯ ಕಡೆಗೆ ಇಳಿಜಾರಾಗಿದೆ, ಅದಕ್ಕೇ ನಾನು ಊರಿಗೆ ಹೋಗುತ್ತೇನೆ. ಕಣದ ಪಕ್ಕ ಸಿಮೆಂಟ್ ಹಾಕಿದ ಸಮತಟ್ಟು ಜಾಗ ಇದೆ. ಮಣ್ಣಿನ ಮೇಲೆ ಮಾಡಲೇಬೇಕೆಂದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ.

ಯಾವ ಆಯಿಲ್

ಊರಿನಲ್ಲಿ ಮೊದಲ ಸಲ ಆಯಿಲ್ ಬದಲಿಸುವಾಗ ಚಿಕ್ಕಪ್ಪ ಟ್ರ್ಯಾಕ್ಟರಿಗೆ ತಂದಿದ್ದ 15ಡಬ್ಲ್ಯು-40 ಡಬ್ಬಿಯನ್ನು ತಂದಿಟ್ಟರು. “ಇದೂ ಡೀಸೆಲ್ ಎಂಜಿನ್ನಿನದೇ ಅಲ್ಲವೇ? ಸುಮ್ಮನೆ ಯಾಕೆ ದುಡ್ಡು ಹಾಳು?” ಪ್ರಶ್ನೆ ತಪ್ಪಲ್ಲ. ಅವರ ಟ್ರ್ಯಾಕ್ಟರ್ ಆ ಆಯಿಲ್‌ನಲ್ಲಿ ಇಪ್ಪತ್ತು ವರ್ಷದಿಂದ ಕಬ್ಬು ಎಳೆಯುತ್ತಿದೆ.

ವ್ಯತ್ಯಾಸ ಇರುವುದು ಬೂದಿಯಲ್ಲಿ. ಎಂಜಿನ್ ಓಡುವಾಗ ಒಂದಿಷ್ಟು ಆಯಿಲ್ ಸುಡುತ್ತಲೇ ಇರುತ್ತದೆ. ಅದರಲ್ಲಿ ಸೇರಿಸಿರುವ ಲೋಹದ ಅಂಶಗಳು ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಮಸಿಯನ್ನು ಸುಡಬಹುದು, ಬೂದಿಯನ್ನು ಇನ್ನೊಮ್ಮೆ ಸುಡುವುದು ಎಲ್ಲಿಂದ? ಅದು ಪೆಟ್ಟಿಗೆ ತುಂಬುವವರೆಗೆ ಕೂತೇ ಇರುತ್ತದೆ. ಹಾಗಾಗಿ ಡಿಪಿಎಫ್ ಇರುವ ಕಾರಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬಿಯ ಹಿಂಬದಿಯಲ್ಲಿ ಎಸಿಇಎ ಸಿ2 ಅಥವಾ ಸಿ3 ಎಂಬ ದರ್ಜೆ ಇರುತ್ತದೆ, ನಿಮ್ಮ ಕಾರಿನ ಕೈಪಿಡಿ ಯಾವುದನ್ನು ಹೇಳುತ್ತದೋ ಅದು. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವ 5ಡಬ್ಲ್ಯು-30 ಎಂಬುದು ಎಷ್ಟು ಮಂದ, ಎಷ್ಟು ತೆಳು ಎಂಬುದನ್ನಷ್ಟೇ ಹೇಳುತ್ತದೆ. ಎರಡೂ ಹೊಂದಬೇಕು. ಅಂಗಡಿಯವರು ಮುಂಭಾಗ ತೋರಿಸಿ ಮಾರುತ್ತಾರೆ, ನೀವು ಹಿಂಬದಿ ತಿರುಗಿಸಿ ಓದಿ. ಸೀಲು, ತಯಾರಾದ ತಿಂಗಳು, ಬೆಲೆಯ ಚೀಟಿ ನೋಡದೆ ತರಬೇಡಿ. ಫಿಲ್ಟರನ್ನು ಕಂಪನಿಯ ಅಧಿಕೃತ ಬಿಡಿಭಾಗ ಮಾರಾಟಗಾರರಲ್ಲೇ ಕೊಂಡರೆ ನಕಲಿಯ ತಲೆನೋವು ಕಡಿಮೆ.

ಆಯಿಲ್ ಬದಲಿಸುವ ಬಗೆ

ಹತ್ತು ನಿಮಿಷ ಕಾರು ಓಡಿಸಿಕೊಂಡು ಬನ್ನಿ. ಆಯಿಲ್ ಬೆಚ್ಚಗಿರಬೇಕು, ಕೈ ಸುಡುವಷ್ಟು ಬಿಸಿ ಬೇಡ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಡಿ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಮುಂಭಾಗ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಕೆಳಗೆ ನುಗ್ಗುವ ಮೊದಲು ಕಾರನ್ನು ಎರಡೂ ಕೈಯಿಂದ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಾದರೆ ಆಗಲೇ ಬೀಳಲಿ.

ಮೇಲಿನ ಆಯಿಲ್ ಮುಚ್ಚಳ ಮೊದಲು ಸಡಿಲಿಸಿ, ಹರಿಯುವುದು ಸಲೀಸಾಗುತ್ತದೆ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಬೋಲ್ಟುಗಳನ್ನು ಒಂದು ಲೋಟಕ್ಕೆ ಹಾಕಿಡಿ. ಉದ್ದ ಬೇರೆ ಬೇರೆ ಇದ್ದರೆ ಬಿಚ್ಚುವ ಮುಂಚೆಯೇ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಈಗ ಆಯಿಲ್ ಹೊರಬಿಡುವ ಡ್ರೈನ್ ಬೋಲ್ಟ್. ಸರಿಯಾದ ಸಾಕೆಟ್ ಪೂರ್ತಿ ಕೂತಿದೆಯೇ ನೋಡಿ, ಎಡಕ್ಕೆ ಒಮ್ಮೆ ಬಲವಾಗಿ ತಿರುಗಿಸಿ, ಆಮೇಲೆ ಕೈಯಲ್ಲೇ ಬಿಚ್ಚಿ. ಕೊನೆಯ ಎರಡು ಸುತ್ತು ಬರುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದಿದ್ದು ಒಂದೇ ಏಟಿಗೆ ಪಕ್ಕಕ್ಕೆ ತೆಗೆಯಬೇಕು. ಆಯಿಲ್ ನೇರ ಕೆಳಗೆ ಬೀಳುವುದಿಲ್ಲ, ಒಂದಡಿ ಮುಂದಕ್ಕೆ ಹಾರುತ್ತದೆ. ಬಾಂಡಲಿಯನ್ನು ಅಲ್ಲಿಡಿ. ನಾನು ಮೊದಲ ಸಲ ನೇರ ಕೆಳಗಿಟ್ಟಿದ್ದೆ, ಕಣದ ಸಿಮೆಂಟಿನ ಮೇಲೆ ಆ ಕಪ್ಪು ಇನ್ನೂ ಇದೆ. ಚಿಕ್ಕಮ್ಮ ಈಗಲೂ ಅದನ್ನು ನೆನಪಿಸುತ್ತಾರೆ.

ಹನಿ ನಿಲ್ಲುವವರೆಗೆ ಹದಿನೈದು ನಿಮಿಷ ಬಿಡಿ. ಬೋಲ್ಟಿಗೆ ಹೊಸ ವಾಷರ್ ಹಾಕಿ. ಹತ್ತಿಪ್ಪತ್ತು ರೂಪಾಯಿಯ ಈ ತಾಮ್ರದ ಅಥವಾ ಅಲ್ಯೂಮಿನಿಯಂ ಉಂಗುರ ಒಮ್ಮೆ ಜಜ್ಜಿ ಕೂತರೆ ಮುಗಿಯಿತು, ಇನ್ನೊಮ್ಮೆ ಸೀಲ್ ಮಾಡುವುದಿಲ್ಲ. ಬೋಲ್ಟನ್ನು ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚ್ ಹಿಡಿಯಿರಿ. ಸಣ್ಣ ಕಾರುಗಳಲ್ಲಿ ಈ ಬಿಗಿಯ ಅಳತೆ ಸಾಮಾನ್ಯವಾಗಿ 25ರಿಂದ 45 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಎಂಜಿನ್ನಿನ ನಿಖರ ಅಂಕಿಯನ್ನು ದುರಸ್ತಿ ಕೈಪಿಡಿಯಲ್ಲಿ ನೋಡಿ. ಗ್ಯಾರೇಜುಗಳಲ್ಲಿ ಗಾಳಿಯ ಗನ್ನಿನಿಂದ ‘ಟರ್ರ್’ ಎನ್ನಿಸಿ ಬಿಡುವುದನ್ನು ನೋಡಿದ್ದೀರಿ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಅಲ್ಯೂಮಿನಿಯಂ ಸಂಪಿನ ತಿರುಪಿನ ಮರೆ ಹೋಗುವುದು ಹಾಗೆಯೇ. ಮುಂದಿನ ಸಲ ಅದನ್ನು ಬಿಚ್ಚುವವನು ಪಾಪ ಮಾಡದೆಯೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾನೆ.

ಫಿಲ್ಟರ್ ಎರಡು ಬಗೆ. ಡಬ್ಬಿಯಂತೆ ತಿರುಗಿಸಿ ಹಾಕುವುದಾದರೆ ಹಳೆಯದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲವೇ ಎಂದು ಮೊದಲು ನೋಡಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಎಂಜಿನ್ ಓಡಿದ ಕೂಡಲೇ ಆಯಿಲ್ ಪೂರ್ತಿ ನೆಲಕ್ಕೆ ಬರುತ್ತದೆ. ಹೊಸದರ ಉಂಗುರಕ್ಕೆ ಬೆರಳಿನಲ್ಲಿ ಒಂದಿಷ್ಟು ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು. ಕಾಗದದ ಫಿಲ್ಟರನ್ನು ಪ್ಲಾಸ್ಟಿಕ್ ಮುಚ್ಚಳದೊಳಗೆ ಕೂರಿಸುವ ಬಗೆಯಾದರೆ ಪೊಟ್ಟಣದಲ್ಲಿ ಬಂದ ಹೊಸ ಉಂಗುರವನ್ನು ಮುಚ್ಚಳದ ಸರಿಯಾದ ಕಚ್ಚಿಗೇ ಹಾಕಿ, ಮುಚ್ಚಳದ ಮೇಲೆ ಅಚ್ಚು ಹಾಕಿರುವ ಟಾರ್ಕಿಗೇ ನಿಲ್ಲಿಸಿ.

ಕಾರು ಇಳಿಸಿ ಸಮಮಾಡಿದ ಮೇಲೆ ಆಯಿಲ್ ಹಾಕಿ. ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆಗೆ ನಿಲ್ಲಿಸಿ. ಎಂಜಿನ್ ಚಾಲು ಮಾಡಿ. ಆಯಿಲ್ ದೀಪ ಆರಲು ಎರಡು ಮೂರು ಸೆಕೆಂಡು ಬೇಕಾಗುತ್ತದೆ. ಆಕ್ಸಿಲರೇಟರ್ ಮುಟ್ಟಬೇಡಿ, ಟರ್ಬೊಗೆ ಆಯಿಲ್ ಇನ್ನೂ ಆಗಷ್ಟೇ ತಲುಪುತ್ತಿರುತ್ತದೆ. ಒಂದು ನಿಮಿಷ ಬಿಟ್ಟು ಆರಿಸಿ, ಕೆಳಗೆ ಬಗ್ಗಿ ಸೋರಿಕೆ ನೋಡಿ, ಐದಾರು ನಿಮಿಷ ಕಾದು, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆಯಿರಿ. ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಮೇಲಿನ ಗೆರೆಗಿಂತ ಕೂದಲೆಳೆ ಕೆಳಗೆ ತಂದು ನಿಲ್ಲಿಸಿ. ಮೇಲಿನ ಗೆರೆ ದಾಟಿಸುವುದು ಉದಾರತನವಲ್ಲ, ಡೀಸೆಲ್ ಎಂಜಿನ್ನಿಗೆ ಅಪಾಯ. ಇನ್ನೊಂದು ಮಾತು: ಹೊಸ ಆಯಿಲ್ ನಾಲ್ಕೇ ದಿನದಲ್ಲಿ ಕಪ್ಪಾದರೆ ಹೆದರಬೇಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯನ್ನು ಹೊತ್ತುಕೊಂಡು ತಿರುಗುವುದೇ ಅದರ ಕೆಲಸ.

ಗಾಳಿಯ ಫಿಲ್ಟರ್, ಇಲಿ, ನೀರಿನ ಪೈಪು

ಮಂಡ್ಯ ಕಡೆ ಓಡಾಡುವ ಕಾರಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನವರೆಗೆ ಬಾಳುವುದಿಲ್ಲ. ಕಬ್ಬಿನ ಲಾರಿಗಳ ಹಿಂದೆ ಹಾರುವ ಧೂಳು, ತರಗಿಗೆ ಬೆಂಕಿ ಇಟ್ಟಾಗ ಬರುವ ಮಸಿ, ನಾಲೆಯ ಏರಿಯ ಮಣ್ಣುದಾರಿ, ಎಲ್ಲವೂ ಅಲ್ಲಿಗೇ ಬರುತ್ತವೆ. ನಾಲ್ಕು ಕ್ಲಿಪ್ಪು ತೆಗೆದು ಎತ್ತಿ ನೋಡುವುದು ಐದು ನಿಮಿಷದ ಕೆಲಸ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಬದಲಿಸಿ. ಟೈರ್ ಅಂಗಡಿಯ ಗಾಳಿ ಹಿಡಿದು ಊದಿಸಿದರೆ ಕಾಗದ ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಹರಿದ ಫಿಲ್ಟರಿಗಿಂತ ಕೊಳಕು ಫಿಲ್ಟರ್ ವಾಸಿ. ಡಬ್ಬಿಯ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿ. ಎಸಿ ಗಾಳಿಯ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಮುಂದಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ, ಅದಕ್ಕೆ ಸ್ಪ್ಯಾನರೂ ಬೇಡ.

ಇಲಿಗೆ ಊರಿನವರು ಹೊಗೆಸೊಪ್ಪಿನ ಕಡ್ಡಿ ಇಡುತ್ತಾರೆ. ನಾನೂ ಇಟ್ಟಿದ್ದೇನೆ, ಹೋಗಿದೆಯೋ ಇಲ್ಲವೋ ಇಲಿಯನ್ನೇ ಕೇಳಬೇಕು. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದಷ್ಟೇ ನಂಬಿಕೆಯ ಉಪಾಯ. ತಿಂದ ವೈರು ಕಂಡರೆ ಟೇಪು ಸುತ್ತಿ ಸುಮ್ಮನಾಗಬೇಡಿ.

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ವಾಟರ್ ಸರ್ವೀಸ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. “ಎಂಜಿನ್ನಿಗೂ ಒಂದು ಸಲ ಹೊಡೆಯಲೇ ಅಣ್ಣ?” ಎಂದು ಹುಡುಗ ಪೈಪು ತಿರುಗಿಸುತ್ತಾನೆ. ಬೇಡ ಎನ್ನಿ. ಒತ್ತಡದ ನೀರು ಸೆನ್ಸರುಗಳ ಕನೆಕ್ಟರಿನೊಳಗೆ ನುಗ್ಗಿದರೆ ಹಬ್ಬದ ಬೆಳಿಗ್ಗೆ ಎಂಜಿನ್ ದೋಷ ಸೂಚಿಸುವ ಚೆಕ್ ಲೈಟಿನ ಮುಂದೆಯೇ ಕುಂಬಳಕಾಯಿ ಒಡೆಯಬೇಕಾಗುತ್ತದೆ. ಎಂಜಿನ್ನಿಗೆ ಒದ್ದೆ ಬಟ್ಟೆ ಸಾಕು.

ಡೀಸೆಲ್ ಫಿಲ್ಟರ್: ಗೆರೆಯ ಮೇಲೆ ನಿಂತ ಕೆಲಸ

ಇದನ್ನು ಮಾಡಬಹುದು, ಮಾಡದಿದ್ದರೂ ನಷ್ಟವಿಲ್ಲ. ನಾನು ಹಳೆಯ ಕಾರಿನಲ್ಲಿ ಮಾಡಿದ್ದೇನೆ, ಈಗಿನದಕ್ಕೆ ಗ್ಯಾರೇಜಿಗೆ ಹೋಗುತ್ತೇನೆ. ಫಿಲ್ಟರಿನ ತಳದಲ್ಲಿ ಕೂಡಿದ ನೀರನ್ನು ಬಿಡುವ ತಿರುಪು ಇದ್ದರೆ ಮಳೆಗಾಲ ಮುಗಿದ ಮೇಲೆ ಒಮ್ಮೆ ಗಾಜಿನ ಲೋಟಕ್ಕೆ ಬಿಟ್ಟು ನೋಡಿ. ನೀರು ಕೆಳಗೆ ನಿಲ್ಲುತ್ತದೆ, ಡೀಸೆಲ್ ಮೇಲೆ ತೇಲುತ್ತದೆ.

ಬದಲಿಸುವುದೇ ಆದರೆ ಎಂಜಿನ್ ಆರಿಸಿ ಅರ್ಧ ಗಂಟೆ ಬಿಡಿ. ಸುತ್ತಲಿನ ಧೂಳನ್ನು ಮೊದಲು ಒರೆಸಿ, ಬಿಚ್ಚಿದ ಪೈಪುಗಳ ಬಾಯಿಗೆ ಕೂಡಲೇ ಶುದ್ಧ ಪ್ಲಾಸ್ಟಿಕ್ ಮುಚ್ಚಿ. ಹೊಸ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ಸುರಿದು ತುಂಬಿಸುವ ಹಳೆಯ ಪದ್ಧತಿ ಇಲ್ಲಿ ಬೇಡ, ಸೋಸದ ಡೀಸೆಲ್ ಸೋಸಿದ ಬದಿಗೆ ಹೋಗಿಬಿಡುತ್ತದೆ. ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇದ್ದರೆ ಕೀಲಿಯನ್ನು ಆನ್‌ಗೆ ತಂದು ಹತ್ತು ಸೆಕೆಂಡು ಬಿಟ್ಟು ಆರಿಸಿ, ಹೀಗೆ ನಾಲ್ಕೈದು ಸಲ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಒಣಗಿದ ಪಂಪನ್ನು ಸ್ಟಾರ್ಟರಿನಿಂದ ತಿರುಗಿಸುತ್ತಲೇ ಇದ್ದರೆ ಅಧಿಕ ಒತ್ತಡದ ಪಂಪ್ ಸವೆದು ಲೋಹದ ಪುಡಿ ಇಂಜೆಕ್ಟರುಗಳವರೆಗೂ ಹೋಗುತ್ತದೆ. ಆ ಬಿಲ್ಲಿನ ಮುಂದೆ ಹತ್ತು ವರ್ಷದ ಉಳಿತಾಯವೂ ಚಿಲ್ಲರೆ.

ಡಿಪಿಎಫ್ ಮತ್ತು ಹುರುಳಿ ಸೊಪ್ಪು

ನಗರದೊಳಗೇ ಓಡುವ ಡೀಸೆಲ್ ಕಾರಿಗೆ ಬರುವ ರೋಗ ಇದು. ಕುವೆಂಪುನಗರದಿಂದ ಮಗಳ ಶಾಲೆಗೆ ಮೂರು ಕಿಲೋಮೀಟರ್, ಅಲ್ಲಿಂದ ಕಚೇರಿಗೆ ಎರಡು. ಎಂಜಿನ್ ಬಿಸಿಯಾಗುವ ಮೊದಲೇ ಆರಿಸುತ್ತೇವೆ. ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕಾಗಿ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನಡುವೆ ಆರಿಸಿದರೆ ಸುಡದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಇದೆ ಎಂದರೆ ಅದೇ ಆಗಿದೆ. ಕಿಲೋಮೀಟರ್ ಎಣಿಸದೆ ಆಯಿಲ್ ಬದಲಿಸಿ. ನಿಂತಾಗ ಎಂಜಿನ್ ವೇಗ ತುಸು ಏರಿರುವುದು, ಆರಿಸಿದ ಮೇಲೂ ಫ್ಯಾನ್ ಗುಯ್ಗುಡುವುದು, ಸುಟ್ಟ ವಾಸನೆ, ಇವು ಒಳಗೆ ಮಸಿ ಸುಡುತ್ತಿರುವ ಗುರುತು. ಆಗ ಇನ್ನೊಂದು ಸುತ್ತು ಓಡಿಸಿಕೊಂಡು ಬನ್ನಿ.

ಡಿಪಿಎಫ್ ದೀಪ ಹತ್ತಿಕೊಂಡರೆ ಶೋರೂಮಿಗೆ ಫೋನ್ ಮಾಡುವ ಮೊದಲು ಮೈಸೂರಿನಿಂದ ಬೆಂಗಳೂರು ಹೆದ್ದಾರಿ ಹಿಡಿದು ಮಂಡ್ಯದವರೆಗೆ ಹೋಗಿ ಬನ್ನಿ. ಒಂದು ಕಡೆಗೆ ಸುಮಾರು 45 ಕಿಲೋಮೀಟರ್. ನಾಲ್ಕನೆಯ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ 2,000 ಸುತ್ತಿಗಿಂತ ಮೇಲೆ, ಒಂದೇ ಸಮನೆ ಇಪ್ಪತ್ತು ನಿಮಿಷ ಓಡಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ದೀಪ ಮಿನುಗುತ್ತಿದ್ದರೆ ಅಥವಾ ಜೊತೆಗೆ ಚೆಕ್ ಲೈಟೂ ಬಂದಿದ್ದರೆ ಸಮಯ ಮೀರಿದೆ, ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಬೇಕು.

ಆದರೆ ಸುಗ್ಗಿಯಲ್ಲಿ ಹಳ್ಳಿಯ ರಸ್ತೆಯಲ್ಲಿ ಈ ಉಪಾಯ ಬೇಡ. ರಾಗಿ ಹುಲ್ಲು, ಹುರುಳಿ ಸೊಪ್ಪನ್ನು ಒಕ್ಕಣೆಗೆಂದು ರಸ್ತೆಗೆ ಹಾಸಿರುತ್ತಾರೆ. ಹುರುಳಿ ಬಳ್ಳಿ ಅಚ್ಚಿಗೆ ಸುತ್ತಿಕೊಂಡು, ಹೊಗೆ ಕೊಳವೆಯ ಶಾಖಕ್ಕೆ ಹೊತ್ತಿ, ಕಾರು ಕಣ್ಣೆದುರೇ ಉರಿದುಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಡಿಪಿಎಫ್ ಸುಡುತ್ತಿರುವಾಗ ಆ ಶಾಖ ಇನ್ನೂ ಹೆಚ್ಚು. ಸೊಪ್ಪಿನ ಮೇಲೆ ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆದು ಹಾಕಿ.

ಸ್ಕ್ಯಾನರ್ ಇಟ್ಟುಕೊಳ್ಳಿ, ತೀರ್ಪು ಕೊಡಬೇಡಿ

ಸ್ಟಿಯರಿಂಗ್ ಕೆಳಗೆ, ಕಾರಿನ ಕಂಪ್ಯೂಟರ್ ಓದಲೆಂದು ಇರುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಯಂತ್ರ ಸಾವಿರ ರೂಪಾಯಿಯ ಸುತ್ತಮುತ್ತ ಸಿಗುತ್ತದೆ. ಮೊಬೈಲಿನಲ್ಲಿ ದೋಷದ ಸಂಕೇತ ಓದಬಹುದು: ಪಿ0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ0401 ಎಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್‌ನ ಹರಿವು ಕಡಿಮೆ, ಪಿ0087 ಎಂದರೆ ಇಂಧನದ ಒತ್ತಡ ಕಡಿಮೆ, ಪಿ2002 ಎಂದರೆ ಡಿಪಿಎಫ್ ಸರಿಯಾಗಿ ಸೋಸುತ್ತಿಲ್ಲ. ಸಂಕೇತ ಹೇಳುವುದು ರೋಗದ ಲಕ್ಷಣವನ್ನು ಮಾತ್ರ. ಪಿ0299ಕ್ಕೆ ಟರ್ಬೊವೇ ಕೆಟ್ಟಿರಬೇಕಿಲ್ಲ, ಇಲಿ ಕಚ್ಚಿದ ರಬ್ಬರ್ ಪೈಪೂ ಸಾಕು. ಸಂಕೇತ ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ. ಡಿಪಿಎಫ್ ಇರುವ ಕೆಲವು ಕಾರುಗಳಲ್ಲಿ ಆಯಿಲ್ ಬದಲಿಸಿದ್ದನ್ನು ಕಂಪ್ಯೂಟರಿಗೆ ತಿಳಿಸಲು ಕಂಪನಿಯ ಸ್ಕ್ಯಾನರೇ ಬೇಕು. ನಿಮ್ಮದು ಆ ಜಾತಿಯದೇ ಎಂದು ಬೋಲ್ಟ್ ಬಿಚ್ಚುವ ಮುಂಚೆ ವಿಚಾರಿಸಿ.

ಶೋರೂಮಿಗೆ ಹೋದಾಗ

ಸ್ವತಃ ಕೈ ಕೊಳೆ ಮಾಡಿಕೊಂಡವನು ಕೌಂಟರಿನ ಮುಂದೆ ಮಾತಾಡುವ ರೀತಿಯೇ ಬೇರೆ. ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಓದಿ. ಎಂಜಿನ್ ಡೀಕಾರ್ಬನ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಸೋಂಕುನಿವಾರಣೆ, ಎಂಜಿನ್ ಡ್ರೆಸ್ಸಿಂಗ್ ಎಂಬ ಸಾಲುಗಳು ಕಂಡರೆ ಕೈಪಿಡಿಯ ಸರ್ವೀಸ್ ಪಟ್ಟಿಯಲ್ಲಿ ಇವು ಎಲ್ಲಿವೆ ಎಂದು ಕೇಳಿ. ಇಲ್ಲದ್ದಕ್ಕೆ ಗೆರೆ ಎಳೆಸಿ, ಕೂಲಿಯ ಮೇಲೆ ಶೇ 18ರಷ್ಟು ಜಿಎಸ್‌ಟಿಯೂ ಅದರ ಜೊತೆಗೇ ಹೋಗುತ್ತದೆ. ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಡಲು ಮೊದಲೇ ಹೇಳಿ. ಫಿಲ್ಟರಿನ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಸಣ್ಣ ಚುಕ್ಕಿ ಇಟ್ಟು ಕಳುಹಿಸುವ ಅಭ್ಯಾಸ ನನಗೆ ಇಲಿಯಿಂದ ಬಂದದ್ದು.

ಎರಡರ ನಡುವೆ ಇನ್ನೊಂದು ದಾರಿಯೂ ಇದೆ. ಕೈಪಿಡಿ ಹೇಳಿದ ಆಯಿಲ್, ಅಸಲಿ ಫಿಲ್ಟರ್ ನೀವೇ ಕೊಂಡು ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯಂಥ ಕಡೆಯ ಪರಿಚಯದ ಗ್ಯಾರೇಜಿಗೆ ಒಯ್ದು, ರ್‍ಯಾಂಪಿನ ಪಕ್ಕ ನಿಂತು ಹಾಕಿಸಿ. ಸೊಂಟ ನೋವಿನವರಿಗೆ, ಅಪಾರ್ಟ್‌ಮೆಂಟಿನವರಿಗೆ ಇದೇ ಉತ್ತಮ.

ಹಳೆಯ ಆಯಿಲ್ ಮತ್ತು ಮರುದಿನ

ಬಾಂಡಲಿಯ ಆಯಿಲನ್ನು ಖಾಲಿಯಾದ ಹೊಸ ಡಬ್ಬಿಗೇ ಸುರಿದು ಮುಚ್ಚಳ ಬಿಗಿ ಮಾಡಿ. ಊರಿನಲ್ಲಿ ಗೆದ್ದಲಿಗೆ, ಬೇಲಿ ಗೂಟಕ್ಕೆ ಬಳಿಯಲು ಕೇಳುವವರು ಇದ್ದೇ ಇರುತ್ತಾರೆ, ಕೊಡಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿದದ್ದು ನಾಲೆಗೆ, ನಾಲೆಯದು ಗದ್ದೆಗೆ. ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಡುವ ದೊಡ್ಡ ಗ್ಯಾರೇಜುಗಳು ಡಬ್ಬಿಯನ್ನು ತೆಗೆದುಕೊಳ್ಳುತ್ತವೆ. ನಾನು ಫಿಲ್ಟರನ್ನು ರಾತ್ರಿಯಿಡೀ ತಲೆಕೆಳಗಾಗಿ ಸೋರಲು ಬಿಟ್ಟು ಅದನ್ನೂ ಜೊತೆಗೆ ಕೊಟ್ಟು ಬರುತ್ತೇನೆ.

ಡೈರಿಯಲ್ಲಿ ದಿನಾಂಕ, ಕಿಲೋಮೀಟರ್, ಆಯಿಲ್ ಹೆಸರು, ಎಷ್ಟು ಲೀಟರ್ ಹಿಡಿಯಿತು ಎಂದು ಬರೆದು ಅಂಗಡಿಯ ಬಿಲ್ಲನ್ನು ಅಲ್ಲೇ ಅಂಟಿಸಿ. ನಾಳೆ ಕಾರು ಮಾರುವಾಗ ಕೊಳ್ಳುವವರು ಕೇಳುತ್ತಾರೆ. ಆ ರಾತ್ರಿ ಎಂಜಿನ್ನಿನ ನೇರ ಕೆಳಗೆ ಒಂದು ದೊಡ್ಡ ರಟ್ಟಿನ ತುಂಡು ಹಾಸಿ ಮಲಗಿ. ಬೆಳಿಗ್ಗೆ ಕಾಫಿಗೆ ಮುಂಚೆ, ಎಂಜಿನ್ ತಣ್ಣಗಿರುವಾಗಲೇ, ಡಿಪ್‌ಸ್ಟಿಕ್ ಇನ್ನೊಮ್ಮೆ ಎಳೆದು ನೋಡಿ. ರಟ್ಟಿನ ಮೇಲೆ ಒಂದು ಹನಿ ಇದ್ದರೂ ತಟ್ಟೆ ಬಿಚ್ಚಿ ಹುಡುಕಿ. ಹನಿ ಇಲ್ಲದಿದ್ದರೆ ರಟ್ಟು ಎತ್ತಿಡಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.